ಒಂಬತ್ತು ದಿನ ತೆರೆದಿದ್ದ ಬಾಗಿಲು

ಆಸ್ಪತ್ರೆಯ ರೋಗಿಗಳ ದಾಖಲೆ ಇಟ್ಟಿದ್ದ ಸರ್ವರ್ ಒಂಬತ್ತು ದಿನ ಬಾಗಿಲು ತೆರೆದುಕೊಂಡು ಕೂತಿತ್ತು. ಯಾರು ಬೇಕಾದರೂ ಹೊರಗಿನಿಂದ ಇಣುಕಬಹುದಿತ್ತು. ಹೊರಗಿನ ತಪಾಸಣೆಯವರು ಅದನ್ನು ಕಂಡುಹಿಡಿದದ್ದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ತಪ್ಪಿತಸ್ಥೆಯೂ ಸಿಕ್ಕಿಬಿಟ್ಟಿದ್ದಳು. ನಾಲ್ಕು ಗಂಟೆಗೆ ಅವಳ ಕೈಗೆ ವಜಾ ಪತ್ರ ಎಂದೂ ತೀರ್ಮಾನವಾಗಿತ್ತು!

ಅದಕ್ಕೆ ಮೊದಲು ಶಾಸ್ತ್ರಕ್ಕೊಂದು ವಿಚಾರಣಾ ವರದಿ ಬೇಕಲ್ಲ, ನಮ್ಮನ್ನು ಕರೆಸಿದರು. ನಾವೆಂದರೆ ಅಕ್ಕ ಮತ್ತು ನಾನು. ಇಪ್ಪತ್ತೆಂಟು ವರ್ಷ ಇಂಥದ್ದೇ ತನಿಖೆ ಮಾಡಿ ದಣಿದಿರುವ ಅವರನ್ನು ಎಲ್ಲರೂ ಕರೆಯುವುದೇ ಅಕ್ಕ ಎಂದು. ನಾನು ಅವರ ಹಿಂದೆ ಚೀಲ ಹೊತ್ತು ತಿರುಗುವವನು. ಆ ತಿಂಗಳಲ್ಲಿ ಇದು ಆರನೆಯದು. ನನಗಂತೂ ಸಾಕುಸಾಕಾಗಿತ್ತು.

ವಿಭಾಗದ ಮುಖ್ಯಸ್ಥರು ಕಣ್ಣು ಉಜ್ಜಿಕೊಳ್ಳುತ್ತ ವಿಷಯ ತಿಳಿಸಿದರು. ಪ್ರತಿ ಸರ್ವರಿಗೂ ಫೈರ್‌ವಾಲ್ ಎಂಬ ಕಾವಲು. ಯಾರಿಗೆ ಯಾವ ಬಾಗಿಲು ಎಂದು ಅದಕ್ಕೆ ನಿಯಮಗಳು. ಒಂದೊಂದಕ್ಕೂ ಕೈಯಿಂದ ಬರೆಯುತ್ತ ಕೂತರೆ ಆಯುಸ್ಸು ಸಾಲದು. ಹಾಗಾಗಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದಿಡುತ್ತಾರೆ. ಅರ್ಧ ಗಂಟೆಗೊಮ್ಮೆ ಒಂದು ಪ್ರೋಗ್ರಾಂ ಓಡಿ, ಎಲ್ಲ ಸರ್ವರುಗಳನ್ನೂ ಆ ಫೈಲಿನಂತೆ ಸರಿಪಡಿಸುತ್ತದೆ. ಯಾರಾದರೂ ಕೈಯಾರೆ ಬಾಗಿಲು ತೆರೆದರೂ ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ.

ಆ ಫೈಲು ಬರೆಯುವವಳು ತಪ್ಪಿತಸ್ಥೆ ಎನಿಸಿಕೊಂಡ ಆಕೆ. ಬಾಗಿಲು ತೆರೆದ ದಾಖಲೆಯಲ್ಲಿದ್ದದ್ದೂ ಆಕೆಯ ಹೆಸರೇ. ಇನ್ನೇನು ಬೇಕು ಎಂದರು ಮುಖ್ಯಸ್ಥರು.

ಆಕೆ ಹೆರಿಗೆ ರಜೆ ಮುಗಿಸಿ ಬಂದು ತಿಂಗಳಾಗಿತ್ತಷ್ಟೇ. ಗಂಡನ ಕೆಲಸ ಹೋಗಿ ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ನಿದ್ದೆಯಿಲ್ಲದ ಮುಖ. ತಾನೇ ಏನಾದರೂ ಮಾಡಿ ಮರೆತಿರಬಹುದೇ ಎಂಬ ಅನುಮಾನ ಅವಳಿಗೇ ಇತ್ತು.

"ನಿನ್ನ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಾ?" ಅಕ್ಕ ಕೇಳಿದರು.

"ರಜೆಗೆ ಹೋಗುವಾಗ ನಮ್ಮ ವಿಭಾಗದ ಸಾರ್‌ಗೆ ಬರೆದುಕೊಟ್ಟಿದ್ದೆ."

"ಬಂದ ಮೇಲೆ ಬದಲಾಯಿಸ್ಲಿಲ್ವಾ?"

"ಬದಲಾಯಿಸಿದ್ರೆ ಅವರ ಮೇಲೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ಸುಮ್ಮನಾದೆ. ಕೆಲಸ ಕಲಿಸಿದವರಲ್ವಾ."

ಅಕ್ಕ ಫೈಲನ್ನು ತೆರೆಸಿ ಸಾಲುಸಾಲಾಗಿ ಓದಿದರು. ಆ ಬಾಗಿಲು ಮುಚ್ಚಿಯೇ ಇರಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಹಾಗಾದರೆ ಪ್ರೋಗ್ರಾಂ ಯಾಕೆ ಮುಚ್ಚಲಿಲ್ಲ? ಆಮೇಲೆ ಆ ಪ್ರೋಗ್ರಾಂ ದಿನಾ ಕೊಡುವ ವರದಿಗಳಲ್ಲಿ ಹಿಂದಿನ ಹತ್ತು ದಿನಗಳದ್ದನ್ನು ನೋಡಿದರು. ನನ್ನ ಕಡೆ ತಿರುಗಿ, ಸರ್ವರ್ ಕೋಣೆಗೆ ಹೋಗಿ ಒಟ್ಟು ಎಷ್ಟು ಸರ್ವರ್ ಇವೆ ಎಣಿಸಿಕೊಂಡು ಬಾ ಎಂದರು. ಒಳಗೆ ಗಡಗಡ ನಡುಗಿಸುವ ಚಳಿ. ಬೈದುಕೊಳ್ಳುತ್ತಲೇ ಎರಡು ಸಲ ಎಣಿಸಿದೆ.

ಮೂರೂಮುಕ್ಕಾಲಿಗೆ ನಾವೆಲ್ಲ ಮುಖ್ಯಸ್ಥರ ಕೋಣೆಯಲ್ಲಿ ಸೇರಿದೆವು. ಅಕ್ಕ ಪ್ರೋಗ್ರಾಂನ ವರದಿಯನ್ನು ಮೇಜಿನ ಮೇಲಿಟ್ಟರು.

"'ಇನ್ನೂರ ಹನ್ನೊಂದು ಸರ್ವರ್ — ಎಲ್ಲವೂ ಸರಿ.' ದಿನಾ ಇದನ್ನ ಎಲ್ಲರೂ ನೋಡ್ತೀರಿ. 'ಎಲ್ಲವೂ ಸರಿ' ಅನ್ನೋದಷ್ಟೇ ಕಣ್ಣಿಗೆ ಬೀಳುತ್ತೆ. ಸಂಖ್ಯೆ ಯಾರೂ ಓದ್ಲಿಲ್ಲ. ಇಲ್ಲಿರೋದು ಇನ್ನೂರ ಹನ್ನೆರಡು."

ಅಕ್ಕ ಆ ಸಂಖ್ಯೆಯ ಮೇಲೆ ಬೆರಳಿಟ್ಟರು.

"ಪಟ್ಟಿಯಲ್ಲಿರೋ ಸರ್ವರ್‌ಗಳಿಗೆ ಮಾತ್ರ ಪ್ರೋಗ್ರಾಂ ಹೋಗೋದು. ಒಂದನ್ನ ಯಾರೋ ಪಟ್ಟಿಯಿಂದ ತೆಗೆದಿದ್ದಾರೆ. ಆ ಪಟ್ಟಿ ಯಾರ ಕಂಪ್ಯೂಟರ್‌ನಲ್ಲಿದೆ?"

ಉತ್ತರಿಸಿದ್ದು ಆಕೆ, ಬಹಳ ಮೆಲ್ಲಗೆ. "ನಾನು ರಜೆಗೆ ಹೋದಾಗಿಂದ ಸಾರ್ ಹತ್ರಾನೇ ಇದೆ."

"ಬಾಗಿಲು ತೆರೆದವರು ನೀವೇ ಅಲ್ವಾ?" ಅಕ್ಕ ಮುಖ್ಯಸ್ಥರನ್ನು ಕೇಳಿದರು.

ಆಮೇಲೆ ಅವರು ಒಂದೊಂದಾಗಿ ಹೇಳಿದರು. ಮೊನ್ನೆಯದಲ್ಲ, ಅದರ ಹಿಂದಿನ ಶನಿವಾರ ಹೊರಗಿನ ಕಂಪನಿಯವರು ದೂರದಿಂದಲೇ ಆ ಸರ್ವರನ್ನು ದುರಸ್ತಿ ಮಾಡಬೇಕಿತ್ತು. ಪ್ರೋಗ್ರಾಂ ಅರ್ಧ ಗಂಟೆಗೊಮ್ಮೆ ಬಾಗಿಲು ಹಾಕಿಬಿಡುತ್ತಿತ್ತು. ರೋಸಿಹೋಗಿ ಸರ್ವರನ್ನು ಪಟ್ಟಿಯಿಂದ ತೆಗೆದು, ಅವಳ ಹೆಸರಿನಲ್ಲಿ ಒಳಹೊಕ್ಕು ಬಾಗಿಲು ತೆರೆದಿದ್ದರು. ಸಂಜೆ ಮರಳಿ ಸೇರಿಸುವುದು ಮರೆತುಹೋಗಿತ್ತು.

"ಇವತ್ತು ಬೆಳಿಗ್ಗೆ ನೆನಪಾಗ್ಲಿಲ್ವಾ?"

"ನೆನಪಾಯ್ತು." ಅವರು ಕನ್ನಡಕ ತೆಗೆದಿಟ್ಟರು. "ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಇವಳಿಗಾದ್ರೆ ವಯಸ್ಸಿದೆ, ಎಲ್ಲಾದ್ರೂ ಕೆಲಸ ಸಿಗುತ್ತೆ ಅಂದ್ಕೊಂಡೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬರೀ ಬೇಜಾರಾಯಿತು. ಅಕ್ಕ ವಿಚಾರಣಾ ವರದಿಯಲ್ಲಿ ಅವರ ಹೆಸರು ಬರೆದು ಸಹಿ ಹಾಕಿದರು.

ಆಕೆ ಬಾಗಿಲ ಬಳಿ ನಿಂತೇ ಇದ್ದಳು.

"ಹಾಗಾದ್ರೆ ನಾಳೆ ನಾನು ಕೆಲಸಕ್ಕೆ ಬರ್ಬೋದಾ ಅಕ್ಕಾ?"

"ಬಾರಮ್ಮ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಅವಳಿಗೆ ಆಗ ಬಂತು.