ಡಾಕ್ಟರ್ ಹಿಲ್ಮಿಯ ಪೋಸು

ಅಲೆಕ್ಸಾಂಡ್ರಿಯಾದ ಆಸ್ಪತ್ರೆಯಲ್ಲಿ ನಾನು ಆಪರೇಷನ್ನುಗಳ ಫೋಟೊ ತೆಗೆಯುತ್ತಿದ್ದೆ. ಮಂದ ಬೆಳಕಿನಲ್ಲಿ ಚಿತ್ರ ಅಲುಗದಿರಲೆಂದು ಡಾಕ್ಟರ್ ಹಿಲ್ಮಿ ಗಾಯದೊಳಗೇ ಕೈ ನಿಲ್ಲಿಸಿ ಪೋಸು ಕೊಡುತ್ತಿದ್ದ. ಅಂಥದೊಂದು ಪೋಸಿನ ನಡುವೆ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ನಗೀಯಾ ಮೇಜಿನ ಮೇಲೆಯೇ ರಕ್ತ ಸೋರಿ ಸತ್ತಳು.

"ಫೋಟೊ ಚೆನ್ನಾಗಿ ಬಂತೇನೋ ವಸ್ಫಿ?" ಎಂದಷ್ಟೇ ಹಿಲ್ಮಿ ನನ್ನನ್ನು ಕೇಳಿದ.

ಆಮೇಲೆ ಯಾರ ಆಪರೇಷನ್ನಿನ ಫೋಟೊ ತೆಗೆದರೂ, ರೀಲು ತೊಳೆದಾಗ ಮೇಜಿನ ಮೇಲೆ ನಗೀಯಾ ಕಣ್ಣು ತೆರೆದು ಹಿಲ್ಮಿಯನ್ನೇ ನೋಡುತ್ತಿದ್ದಳು. ಫೋಟೊ ತೋರಿಸಿದರೆ ಅವನು ಹರಿದುಹಾಕುತ್ತಿದ್ದ.

ಕೊನೆಗೆ ಅವನದೇ ಹೊಟ್ಟೆ ಕೊಯ್ಯಬೇಕಾಯಿತು.

"ದಮ್ಮಯ್ಯ ಕಣೋ, ಕ್ಯಾಮೆರಾ ತರಬೇಡ," ಎಂದ. ಅದನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದೆ.

ಕೊಯ್ಯುತ್ತಿದ್ದ ಕಿರಿಯ ಡಾಕ್ಟರನ ಕೈ ತಟ್ಟನೆ ನಿಂತಿತು. "ಯಾರ್ರೀ ನನ್ನ ಕೈ ಹಿಡಿದಿರೋದು? ಬಿಡಿ!" ಎಂದು ಅರಚಿದ. ಎಲ್ಲೋ ಶಟರ್ ಕ್ಲಿಕ್ಕೆಂದ ಮೇಲೆಯೇ ಕೈ ಸಡಿಲವಾಯಿತು. ಅಷ್ಟರಲ್ಲಿ ಹಿಲ್ಮಿ ಸತ್ತಿದ್ದ.

ಮನೆಗೆ ಹೋಗಿ ಬೀಗ ತೆಗೆದೆ. ಕ್ಯಾಮೆರಾದ ಗುಂಡಿಯ ಮೇಲೆ ಸಾಬೂನಿನ ನೊರೆ ಇನ್ನೂ ಆರಿರಲಿಲ್ಲ.