ಎಡಗಡೆಯ ಸೀಟು

"ನಿಮ್ಮಪ್ಪ ಇವತ್ತೂ ಬರ್ಲಿಲ್ವಾ?"

ಪಿ.ಟಿ. ಟೀಚರ್ ಸರಸ್ವತಿ ಮೇಡಂ ಕೇಳಿದಾಗ ಕೃತಿಕಾ ತಲೆ ತಗ್ಗಿಸಿದಳು. ಥ್ರೋಬಾಲ್ ಟೀಮ್ ಪಂದ್ಯಕ್ಕೆ ಚಿಕ್ಕಮಗಳೂರಿಗೆ ಹೊರಡುವುದಿತ್ತು. ಮನೆಯವರು ಮೀಟಿಂಗಿಗೆ ಬಂದು ಸಹಿ ಹಾಕಬೇಕಿತ್ತು. ಬರದೇ ಇದ್ದದ್ದು ಅವಳ ಅಪ್ಪ ಒಬ್ಬನೇ.

"ನಾಳೆ ಹತ್ತು ಗಂಟೆಗೆ ಕೊನೇ ಚಾನ್ಸ್. ತಪ್ಪಿದ್ರೆ ನಿನ್ನ ಜಾಗಕ್ಕೆ ಸೌಂದರ್ಯನ್ನ ಹಾಕ್ತೀನಿ."

"ಅವರಪ್ಪನ ಲಾರಿ ಬಂದ್ರೆ ಗೊತ್ತಾಗುತ್ತೆ ಬಿಡಿ ಮೇಡಂ," ಎಂದಳು ಸೌಂದರ್ಯ. "ಅರ್ಧ ಮೂಡಿಗೆರೆಗೇ ಕೇಳ್ಸುತ್ತೆ." ಎಲ್ಲರೂ ನಕ್ಕರು.

ಆ ಲಾರಿ ಕಂಡರೆ ಕೃತಿಕಾಗೂ ಆಗದು. ಅದೊಂದು ಲಾರಿಯಂತೆ! ಎಸ್ಟೇಟಿನ ಕಾಫಿ ಮೂಟೆ ಹೊತ್ತು ಘಾಟಿ ಹತ್ತುವಾಗ ಊರಿಗೆಲ್ಲ ತನ್ನ ಕಷ್ಟ ಹೇಳಿಕೊಂಡು ಅಳುತ್ತಿತ್ತು. ಹೊಸ ಲಾರಿಗಳ ಹಾಗೆ ಎಂಜಿನ್ ಸೀಟಿನ ಕೆಳಗೆ ಮರ್ಯಾದೆಯಿಂದ ಇರುತ್ತಿರಲಿಲ್ಲ. ಕ್ಯಾಬಿನ್ನಿನ ಒಳಗೇ, ಅಪ್ಪನ ಎಡಮಗ್ಗುಲಿಗೆ, ನೆಂಟರ ಹಾಗೆ ಜಾಗ ಹಿಡಿದು ಕೂತಿತ್ತು. ಅದರಾಚೆಯ ಸೀಟು ಕೃತಿಕಾಳದು.

ಅಪ್ಪನೇನು ಕಮ್ಮಿಯೇ? ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೂ ಬೀದಿಯೆಲ್ಲ ತಿರುಗಿ ನೋಡುತ್ತಿತ್ತು. ಮನೆಗೆ ಬಂದರೆ ಉಂಡು ಮಲಗಿಬಿಡುತ್ತಿದ್ದ. ಹಾಗಾಗಿ ಅವಳು ಸಂಜೆ ಸ್ಕೂಲಿಂದ ಮನೆಗೆ ಬರುವಾಗ ಲಾರಿಯಲ್ಲೇ ಎಲ್ಲ ಹೇಳುತ್ತಿದ್ದಳು. ಮೀಟಿಂಗಿನ ವಿಷಯ ವಾರವಿಡೀ ಹೇಳಿದ್ದಳು. ದಿನವೂ "ಹೂಂ ಮಗಾ" ಎಂದಿದ್ದ. ಮರೆಗುಳಿ!

ಆ ಸಂಜೆ ಲಾರಿ ಡೀಸೆಲ್ ಬಂಕಿನಲ್ಲಿ ನಿಂತಿತು. ಎಂಜಿನ್ ಆಫ್ ಆಯಿತು.

"ಯಾಕಪ್ಪ ಬರ್ಲಿಲ್ಲ?" ಎಂದಳು ಮುಖ ಊದಿಸಿಕೊಂಡು.

"ಹೂಂ ಮಗಾ," ಎಂದ ಅಪ್ಪ, ರಸ್ತೆ ನೋಡುತ್ತ.

ಅವಳಿಗೆ ರೇಗಿತು. "ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ. ಆನೆ ಸಾಕ್ತೀನಿ."

"ಹೂಂ ಮಗಾ. ಹಾಗೇ ಮಾಡು."

ಕೃತಿಕಾ ಕಣ್ಣರಳಿಸಿದಳು. ಅಷ್ಟರಲ್ಲಿ ಬಂಕಿನ ಸುಬ್ಬಣ್ಣ ಬಲಗಡೆಯ ಕಿಟಕಿಯಲ್ಲಿ ಮೆಲ್ಲಗೆ ಕೇಳಿದ, "ದೇವರಾಜಣ್ಣ, ಫುಲ್ ಮಾಡ್ಲಾ?"

"ಬ್ಯಾಡ ಮಾರಾಯ, ಅರ್ಧ ಸಾಕು," ಎಂದು ಅಪ್ಪ ತಟ್ಟನೆ ಕೂಗಿದ.

ಅವಳು ಅಪ್ಪನ ಎಡಗಿವಿ ನೋಡಿದಳು. ಅದರ ಪಕ್ಕದಲ್ಲೇ ಎಂಜಿನ್ ಇತ್ತು. ಅಪ್ಪ ಇಪ್ಪತ್ತು ವರ್ಷದಿಂದ ಅದರ ಪಕ್ಕದಲ್ಲೇ ಕೂತಿದ್ದ. ಅವಳು ಹೇಳಿದ ಜೋಕುಗಳು, ಮಾರ್ಕ್ಸು, ಜಗಳಗಳು, ಎಲ್ಲದಕ್ಕೂ ಅಪ್ಪ ಹೂಂಗುಟ್ಟಿದ್ದ. ಅವಳಿಗೆ ಬಹಳ ಬೇಜಾರಾಯಿತು.

ಅವಳು ಇಳಿದು, ಲಾರಿಯ ಮುಂದಿನಿಂದ ಸುತ್ತಿ ಬಂದು, ಡ್ರೈವರ್ ಬಾಗಿಲಿನ ಮೆಟ್ಟಿಲು ಹತ್ತಿದಳು. ಅಪ್ಪನ ಬಲಗಿವಿಯ ಹತ್ತಿರ ಹೇಳಿದಳು:

"ಅಪ್ಪ, ನಾಳೆ ಹತ್ತು ಗಂಟೆಗೆ ಸ್ಕೂಲಲ್ಲಿ ಮೀಟಿಂಗ್ ಇದೆ. ನೀನು ಬರ್ಬೇಕು."

"ಮೀಟಿಂಗಾ? ಮೊದ್ಲೇ ಹೇಳೋದಲ್ವಾ ಮಗಾ? ಬೆಳಿಗ್ಗೆ ಲೋಡಿಗೆ ಒಪ್ಕೊಂಡಿದೀನಲ್ಲ. ಇರ್ಲಿ, ಫೋನ್ ಮಾಡಿ ಲೋಡಿಗೆ ಮಧ್ಯಾಹ್ನ ಬರ್ತೀನಿ ಅಂತೀನಿ. ಎಂಥಾ ಮರೆಗುಳಿ ಮಾರಾಯ್ತಿ ನೀನು!"

ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸುಬ್ಬಣ್ಣ ನಕ್ಕ.

"ಹೂಂ ಅಪ್ಪ," ಎಂದಳು ಕೃತಿಕಾ. "ಮರ್ತುಹೋಯ್ತು."