ಮೇಯರ್ ಹೆಂಡತಿಯ ಕೊಡಲಿ

ರೂಫಸ್ ಬ್ಲೈನ ಹೆಂಡದಂಗಡಿಯ ಮುಂದೆ ವಿಸ್ಕಿ ಪೀಪಾಯಿಗಳು ಒಡೆದು ಬಿದ್ದಿದ್ದವು. ಒಂದರಲ್ಲಿ ಕೊಡಲಿ ಇನ್ನೂ ನಾಟಿಕೊಂಡಿತ್ತು. ಹಿಡಿಯ ಮೇಲೆ ಸುಟ್ಟು ಬರೆದ ಹೆಸರು—ಲುಡ್ಲಮ್.

ಆ ಊರಿಗೆ ಪೇದೆಯೆಂದರೆ ನಾನೊಬ್ಬನೇ. ಬೆಳಗಿನ ಕೊರೆಯುವ ಚಳಿಯಲ್ಲಿ ಓಡಿಬಂದವನು ಮೆಟ್ಟಿಲ ಬಳಿ ಜಾರಿ ಧೊಪ್ಪನೆ ಬಿದ್ದೆ. ಸುತ್ತ ವಿಸ್ಕಿಯ ಘಾಟು.

"ಕೆಂಟಕಿಯಿಂದ ತರಿಸಿದ ಮಾಲು, ಟೋಬಯಸ್!" ಬ್ಲೈ ಅರಚಿದ. "ರಾತ್ರಿ ಬಂದು ಎಲ್ಲ ಚೆಲ್ಲಿ ಹೋಗಿದ್ದಾಳೆ, ಮೇಯರ್ ಹೆಂಡ್ತಿ! ಕೊಡಲಿ ಸಾಕ್ಷಿ ಸಾಲದಾ?"

ಊರು ನಂಬಿತು. ಹೆಪ್ಸಿಬಾ ಲುಡ್ಲಮ್ ಆ ಚಳಿಗಾಲವೆಲ್ಲ ಹೆಂಗಸರನ್ನು ಕಟ್ಟಿಕೊಂಡು ಅದೇ ಮೆಟ್ಟಿಲ ಮೇಲೆ ಮಂಡಿಯೂರಿ ದೇವರ ಹಾಡು ಹಾಡಿದ್ದರು. ಹೆಂಡದಂಗಡಿಗಳನ್ನು ಮುಚ್ಚಿಸುವ ಮಾತು ಪುರಸಭೆಯಲ್ಲಿ ಮುಂದಿನ ವಾರ ಮತಕ್ಕೆ ಬರುವುದಿತ್ತು.

ಅವರ ಗಂಡ ಆಸಾ ಲುಡ್ಲಮ್ ಒಂದು ಪೆಟ್ಟಿಗೆ ಪುಸ್ತಕದೊಂದಿಗೆ ಒಹಾಯೊದ ಈ ಊರಿಗೆ ಬಂದು ವಕೀಲಿಕೆ ಶುರುಮಾಡಿದವರು. ಬೇಲಿ ಜಗಳ, ಹಸು ಜಗಳ ಬಿಡಿಸುತ್ತ ಮೇಯರ್ ಆದವರು. ನಮ್ಮಲ್ಲಿ ಸಣ್ಣ ಮೊಕದ್ದಮೆಗಳಿಗೆ ಮೇಯರೇ ನ್ಯಾಯಾಧೀಶ.

ಸಂಜೆ ಪುರಸಭೆಯ ಹಿರಿಯ ಸದಸ್ಯ ಪೀಬಲ್ಸ್ ಮೇಯರರ ಮನೆಗೆ ಬಂದ. ನಾನೂ ಅಲ್ಲಿದ್ದೆ.

"ಅಮ್ಮಾವ್ರು ಒಂದು ಕ್ಷಮೆ ಕೇಳಿಬಿಡ್ಲಿ ಸ್ವಾಮಿ. ಚುನಾವಣೆ ಹತ್ರ ಬಂತು."

"ಮಾಡದೇ ಇರೋದಕ್ಕೆ ನಾನ್ಯಾಕೆ ಕ್ಷಮೆ ಕೇಳ್ಲಿ?" ಹೆಪ್ಸಿಬಾ ಸಿಡಿದರು. "ಒಡೆಯೋ ಹಾಗಿದ್ರೆ ಹಗಲೇ ಒಡೀತಿದ್ದೆ, ಪೀಬಲ್ಸ್. ನಿಮ್ಮನ್ನೂ ಕರೆದು ತೋರಿಸ್ತಿದ್ದೆ!"

"ಕೊಡಲಿ?" ಮೇಯರ್ ಕೇಳಿದರು.

"ಸೌದೆ ಕೊಟ್ಟಿಗೇಲಿತ್ತು. ಅದಕ್ಕೆ ಬಾಗಿಲೇ ಇಲ್ಲವಲ್ಲ ರೀ! ಓಣೀಲಿ ಹೋಗೋರು ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದು."

ಮೇಯರ್ ನನ್ನ ಕಡೆ ತಿರುಗಿದರು. "ಯಾಕಯ್ಯಾ ಕುಂಟ್ತಿದ್ದೀಯ?"

"ಬ್ಲೈ ಅಂಗಡಿ ಮುಂದೆ ಬಿದ್ದೆ ಸ್ವಾಮಿ. ಬರೀ ಮಂಜುಗಡ್ಡೆ."

"ಮಂಜುಗಡ್ಡೆ?" ಅವರು ಎದ್ದು ನಿಂತರು. "ಇಡೀ ವಾರ ಹಿಮ ಬಿದ್ದಿಲ್ಲವಲ್ಲ?"

ಮರುದಿನ ಬ್ಲೈನ ದೂರಿನ ವಿಚಾರಣೆಗೆ ನ್ಯಾಯಾಲಯ ಕಿಕ್ಕಿರಿದಿತ್ತು. ಪೀಠದಲ್ಲಿ ಮೇಯರ್ ಇರಲಿಲ್ಲ. ಪಕ್ಕದೂರಿನ ಮುದಿ ಜಡ್ಜ್ ಟಿಲ್‌ಗೆ ಜಾಗ ಬಿಟ್ಟುಕೊಟ್ಟು, ಹೆಂಡತಿಯ ವಕೀಲರಾಗಿ ಕೆಳಗೆ ನಿಂತಿದ್ದರು.

"ಪೀಪಾಯಿ ತುಂಬಿದ್ವಾ, ಬ್ಲೈ?"

"ಬಾಯಿತನಕ."

"ಏನಿತ್ತು?"

"ವಿಸ್ಕಿ! ನಿಮಗೆ ಗೊತ್ತಿಲ್ದೆ ಇರೋದಾ ವಕೀಲ್ರೆ?"

ಜನ ನಕ್ಕರು. ಮೇಯರ್ ಕಿಟಕಿ ತೆರೆದು ಹೊರಗಟ್ಟೆಯಿಂದ ಒಂದು ಬೋಗುಣಿ, ಒಂದು ಸೀಸೆ ತೆಗೆದರು. "ರಾತ್ರಿಯಿಡೀ ಹೊರಗಿದ್ದವು. ಬೋಗುಣೀಲಿ ನೀರು." ತಲೆಕೆಳಗೆ ಮಾಡಿದರು. ಗಡ್ಡೆ ಅಲುಗಲಿಲ್ಲ. "ಸೀಸೇಲಿ ವಿಸ್ಕಿ." ಲೋಟಕ್ಕೆ ಬಗ್ಗಿಸಿದರು—ಗಳಗಳ ಸುರಿಯಿತು. "ಇದು ನನ್ನ ಮನೇದು. ಹೌದು, ನಾನು ಕುಡೀತೀನಿ. ಈ ಊರಿನ ಚಳಿಗೆ ವಿಸ್ಕಿ ಹೆಪ್ಪುಗಟ್ಟಲ್ಲ. ಹಾಗಿದ್ರೆ ಟೋಬಯಸ್ ಜಾರಿ ಬಿದ್ದದ್ದು ಯಾವುದರ ಮೇಲೆ?"

ನಾನು ಹೋಗಿ ಮೆಟ್ಟಿಲ ಬಳಿಯ ಕಂದು ಗಡ್ಡೆಯನ್ನು ಕಡಿದು ತಂದೆ. ಒಲೆಯ ಮೇಲೆ ಕರಗಿತು. ಜಡ್ಜ್ ನಾಲಿಗೆಗೆ ಹಚ್ಚಿಕೊಂಡರು.

"ನೀರು! ಸುಟ್ಟ ಸಕ್ಕರೆ ನೀರು!"

"ಮೇಲೆ ಒಂದು ಸೀಸೆ ವಿಸ್ಕಿ, ಘಾಟಿಗೆ," ಎಂದರು ಮೇಯರ್. "ಮೂಗು ನಂಬಿದ ಮೇಲೆ ಕಾಲ ಕೆಳಗೆ ಯಾರೂ ನೋಡ್ಲಿಲ್ಲ. ನನ್ನ ಕೊಟ್ಟಿಗೆಯಿಂದ ಕೊಡಲಿ ಕದ್ದದ್ದು ನೀನು, ಬ್ಲೈ. ಪೀಪಾಯಿ ಒಡೆದದ್ದೂ ನೀನೇ. ಹೆಂಗಸರಿಗೆ ಪುಂಡರು ಅಂತ ಹೆಸರು ಬಂದ್ರೆ ಅಂಗಡಿ ಮುಚ್ಚಿಸೋಕೆ ಪುರಸಭೇಲಿ ಯಾರೂ ಕೈ ಎತ್ತಲ್ಲ, ಅಲ್ವಾ? ಅಸಲಿ ಮಾಲು ಎಲ್ಲಿ?"

ಬಾಯಿ ಬಿಟ್ಟದ್ದು ಜನರ ನಡುವೆ ಕೂತಿದ್ದ ಬ್ಲೈನ ಭಾವಮೈದುನ. ಮಧ್ಯಾಹ್ನದೊಳಗೆ ಆ ಭಾವಮೈದುನನ ಹುಲ್ಲಿನ ಬಣವೆಯಡಿ ಅಸಲಿ ವಿಸ್ಕಿಯೆಲ್ಲ ಸಿಕ್ಕಿತು.

ಹೊರಗೆ ಪೀಬಲ್ಸ್ ಮೇಯರರ ಕೈ ಹಿಡಿದ. "ಗೆದ್ರಿ ಸ್ವಾಮಿ! ಇನ್ನು ಚುನಾವಣೆ ಮುಗಿಯೋತನಕ ಅಮ್ಮಾವ್ರು ಹಾಡು ನಿಲ್ಲಿಸ್ಲಿ."

ಹೆಪ್ಸಿಬಾ ಆಗಲೇ ಹೆಂಡದಂಗಡಿಯ ಕಡೆ ನಡೆದಿದ್ದರು. ಮೇಯರ್ ಕೈ ಬಿಡಿಸಿಕೊಂಡು ಹಿಂದೆಯೇ ಹೊರಟರು. ಆ ಮೆಟ್ಟಿಲ ಮೇಲೆ ಹೆಂಗಸರ ನಡುವೆ, ಊರೆಲ್ಲ ನೋಡುತ್ತಿರಲು, ಟೋಪಿ ತೆಗೆದು ನಿಂತರು.

"ಇದೇನ್ರೀ?" ಎಂದರು ಹೆಪ್ಸಿಬಾ. "ನಿಮಗೆ ಹಾಡೋಕೆ ಬರಲ್ಲ. ಕುಡಿಯೋದೂ ಬಿಟ್ಟಿಲ್ಲ."

"ನಿಲ್ಲೋಕೆ ಬರುತ್ತೆ ಕಣೆ. ನೀನು ಹಾಡು."